ಮಕ್ಕಳ ಆರೋಗ್ಯ ಅಧ್ಯಯನಗಳಲ್ಲಿ ಕೀಟನಾಶಕ ಒಡ್ಡಿಕೆಯ ಮಾಪನ

ಮಕ್ಕಳ ಆರೋಗ್ಯ ಅಧ್ಯಯನಗಳಲ್ಲಿ ಕೀಟನಾಶಕ ಒಡ್ಡಿಕೆಯ ಮಾಪನ ಎಂಬುದು ಮನೆ, ಅಂಗಳ, ಕುಡಿಯುವ ನೀರು ಮತ್ತು ಆಹಾರದ ಮೂಲಕ ಮಗುವಿನ ದೇಹವನ್ನು ತಲುಪುವ ಕೀಟನಾಶಕದ ಪ್ರಮಾಣವನ್ನು ಅಂದಾಜಿಸುವ ಅಥವಾ ನೇರವಾಗಿ ಅಳೆಯುವ ವಿಧಾನಗಳ ಒಟ್ಟು ಹೆಸರು. ಪರಿಸರ ಸಾಂಕ್ರಾಮಿಕ ರೋಗಶಾಸ್ತ್ರದ ಭಾಗವಾಗಿರುವ ಈ ವಿಧಾನಗಳಲ್ಲಿ ಮನೆಯವರಿಗೆ ಕೇಳುವ ಪ್ರಶ್ನಾವಳಿ, ಮನೆಯಲ್ಲಿರುವ ಔಷಧಿಗಳ ಪಟ್ಟಿ, ದೂಳು ಮತ್ತು ಗಾಳಿಯ ಪರೀಕ್ಷೆ, ರಕ್ತ ಮತ್ತು ಮೂತ್ರದ ಪರೀಕ್ಷೆ, ಸಿಂಪಡಣೆಯ ಸ್ಥಳದಿಂದ ಮನೆಗಿರುವ ದೂರದ ಲೆಕ್ಕ ಮುಖ್ಯವಾದವು.

ಕೀಟನಾಶಕವೊಂದು ಮಕ್ಕಳ ಕಾಯಿಲೆಗೆ ಕಾರಣವೇ ಎಂಬ ಪ್ರಶ್ನೆಗೆ ಸಿಗುವ ಉತ್ತರವು ರೋಗದ ಪರೀಕ್ಷೆಯಷ್ಟೇ ಒಡ್ಡಿಕೆಯ ಅಳತೆಯನ್ನೂ ಅವಲಂಬಿಸಿದೆ. ಬಹುತೇಕ ಆಧುನಿಕ ಕೀಟನಾಶಕಗಳು ದೇಹದಿಂದ ಕೆಲವೇ ದಿನಗಳಲ್ಲಿ ಹೊರಹೋಗುವುದರಿಂದ ಸಕಾಲದಲ್ಲಿ ಮಾದರಿ ಸಂಗ್ರಹಿಸದಿದ್ದರೆ ಆ ಮಾಹಿತಿಯನ್ನು ಮುಂದೆ ಮರಳಿ ಪಡೆಯಲು ಸಾಧ್ಯವಾಗುವುದಿಲ್ಲ. ಕನ್ನಡ ಭಾಷಿಕ ಪ್ರದೇಶದಲ್ಲಿ ಈ ಸಮಸ್ಯೆಗೆ ಪ್ರಮುಖ ನಿದರ್ಶನ ಕಾಸರಗೋಡು ಜಿಲ್ಲೆಯ ಎಂಡೋಸಲ್ಫಾನ್ ಪ್ರಕರಣ.

ಪರಿಕಲ್ಪನೆ

ಒಡ್ಡಿಕೆ ಎಂದರೆ ರಾಸಾಯನಿಕವು ದೇಹದ ಹೊರಮೈಯನ್ನು, ಅಂದರೆ ಚರ್ಮ, ಬಾಯಿ ಅಥವಾ ಶ್ವಾಸಮಾರ್ಗವನ್ನು ಸಂಪರ್ಕಿಸುವುದು. ಅದರಲ್ಲಿ ದೇಹದೊಳಕ್ಕೆ ಸೇರಿಕೊಂಡ ಪ್ರಮಾಣವನ್ನು ಆಂತರಿಕ ಪ್ರಮಾಣ ಎನ್ನುತ್ತಾರೆ. ಮನೆಯಲ್ಲಿ ಕೀಟನಾಶಕದ ಬಾಟಲಿ ಇರುವುದು ಒಡ್ಡಿಕೆಯ ಸಾಧ್ಯತೆಯನ್ನು ಮಾತ್ರ ಸೂಚಿಸುತ್ತದೆ. ನೆಲದ ದೂಳಿನಲ್ಲಿ ಅದರ ಅಂಶ ಕಂಡುಬಂದರೆ ಒಡ್ಡಿಕೆಗೆ ಅವಕಾಶವಿದೆ ಎಂದಾಗುತ್ತದೆ. ಮಗುವಿನ ಮೂತ್ರದಲ್ಲಿ ಅದರ ಅಂಶ ಸಿಕ್ಕಾಗ ಅದು ದೇಹವನ್ನು ಹೊಕ್ಕಿತ್ತು ಎಂಬುದು ಖಚಿತವಾಗುತ್ತದೆ. ಈ ಮೂರು ಹಂತಗಳನ್ನು ಬೇರೆಬೇರೆಯಾಗಿ ಗುರುತಿಸುವುದು ಮಾಪನದ ಮೊದಲ ನಿಯಮ.

ಮಕ್ಕಳನ್ನು ಪ್ರತ್ಯೇಕವಾಗಿ ಅಧ್ಯಯನ ಮಾಡಲು ಹಲವು ಕಾರಣಗಳಿವೆ. ಮಗು ತನ್ನ ತೂಕದ ಪ್ರತಿ ಕಿಲೋಗ್ರಾಂಗೆ ಹೋಲಿಸಿದರೆ ವಯಸ್ಕರಿಗಿಂತ ಹೆಚ್ಚು ಗಾಳಿಯನ್ನು ಉಸಿರಾಡುತ್ತದೆ, ಹೆಚ್ಚು ನೀರು ಮತ್ತು ಆಹಾರವನ್ನು ಸೇವಿಸುತ್ತದೆ. ಅಂಬೆಗಾಲಿಡುವ ಮಗು ನೆಲಕ್ಕೆ ಹತ್ತಿರವಾಗಿ ಇದ್ದು, ಕೈಯನ್ನು ಪದೇ ಪದೇ ಬಾಯಿಗೆ ಹಾಕುತ್ತದೆ. ಕೆಲವು ಕೀಟನಾಶಕಗಳನ್ನು ವಿಭಜಿಸುವ ಕಿಣ್ವಗಳ ಚಟುವಟಿಕೆ ಶಿಶುಗಳಲ್ಲಿ ಕಡಿಮೆ. ಮಿದುಳು ಮತ್ತು ಹಾರ್ಮೋನು ವ್ಯವಸ್ಥೆಗಳು ಬೆಳೆಯುತ್ತಿರುವ ಅವಧಿಯಲ್ಲಿ ಆಗುವ ಹಾನಿ ದೀರ್ಘಕಾಲ ಉಳಿಯಬಹುದು. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿಯು ಶಿಶುಗಳು ಮತ್ತು ಮಕ್ಕಳ ಆಹಾರದಲ್ಲಿರುವ ಕೀಟನಾಶಕಗಳ ಕುರಿತು 1993ರಲ್ಲಿ ಪ್ರಕಟಿಸಿದ ವರದಿಯು, ವಯಸ್ಕರಿಗೆ ಸುರಕ್ಷಿತವೆಂದು ನಿಗದಿಪಡಿಸಿದ ಮಿತಿಗಳು ಮಕ್ಕಳಿಗೆ ಸಾಲದಿರಬಹುದು ಎಂಬ ವಿಚಾರವನ್ನು ಮುನ್ನೆಲೆಗೆ ತಂದಿತು.

ಮನೆಗೆ ಕೀಟನಾಶಕ ತಲುಪುವ ದಾರಿಗಳು

ಮನೆಬಳಕೆಯ ಉತ್ಪನ್ನಗಳು: ಸೊಳ್ಳೆ ಬತ್ತಿ, ಪ್ಲಗ್‌ಗೆ ಸಿಕ್ಕಿಸುವ ಸೊಳ್ಳೆ ನಿವಾರಕ ದ್ರವ, ಜಿರಳೆ ಮತ್ತು ಇರುವೆಗಳಿಗೆ ಗೆರೆ ಎಳೆಯುವ ಸೀಮೆಸುಣ್ಣ, ಸಿಂಪಡಿಸುವ ಡಬ್ಬಿಗಳು, ಹೇನಿನ ಔಷಧಿ ಇತ್ಯಾದಿ. ಇವುಗಳಲ್ಲಿ ಹೆಚ್ಚಿನವುಗಳಲ್ಲಿರುವುದು ಅಲೆತ್ರಿನ್, ಪ್ರಾಲೆತ್ರಿನ್, ಟ್ರಾನ್ಸ್‌ಫ್ಲೂತ್ರಿನ್, ಸೈಪರ್‌ಮೆತ್ರಿನ್ ಮುಂತಾದ ಪೈರೆತ್ರಾಯ್ಡ್ ವರ್ಗದ ರಾಸಾಯನಿಕಗಳು. ಸೊಳ್ಳೆ ಬತ್ತಿಯ ವಿಷಯದಲ್ಲಿ ಕೀಟನಾಶಕದ ಜೊತೆಗೆ ಹೊಗೆಯನ್ನೂ ಪರಿಗಣಿಸಬೇಕಾಗುತ್ತದೆ. 2003ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ಒಂದು ಬತ್ತಿ ಪೂರ್ತಿ ಉರಿದಾಗ ಹೊರಬೀಳುವ ಸೂಕ್ಷ್ಮ ಕಣಗಳ ಪ್ರಮಾಣ 75ರಿಂದ 137 ಸಿಗರೇಟುಗಳಿಗೆ ಸಮಾನ.

ಸಾರ್ವಜನಿಕ ರೋಗನಿಯಂತ್ರಣ: 1953ರಲ್ಲಿ ಆರಂಭವಾದ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮದಲ್ಲಿ ಮನೆಗಳ ಒಳಗೋಡೆಗಳಿಗೆ ಡಿಡಿಟಿ ಸಿಂಪಡಿಸಲಾಯಿತು. ಡಿಡಿಟಿ ಮತ್ತು ಅದರ ವಿಭಜನೆಯಿಂದ ಉಂಟಾಗುವ ಡಿಡಿಇ ದೇಹದ ಕೊಬ್ಬಿನಲ್ಲಿ ವರ್ಷಗಟ್ಟಲೆ ಉಳಿಯುತ್ತವೆ.

ಕೃಷಿಯ ಮೂಲಕ: ಹೊಲದಲ್ಲಿ ಔಷಧಿ ಹೊಡೆದು ಬಂದವರ ಬಟ್ಟೆ, ಚಪ್ಪಲಿ, ಕೂದಲು ಮತ್ತು ಬೆನ್ನಿಗೆ ಹೊತ್ತ ಪಂಪಿನ ಮೂಲಕ ಕೀಟನಾಶಕ ಮನೆ ಸೇರುತ್ತದೆ. ಮಲಗುವ ಕೋಣೆಯಲ್ಲಿ ಅಥವಾ ಅಡುಗೆಮನೆಯ ಅಟ್ಟದ ಮೇಲೆ ದಾಸ್ತಾನು ಇಡುವುದು, ಕಾಳಿನ ಮೂಟೆಗಳಿಗೆ ಪುಡಿ ಅಥವಾ ಗುಳಿಗೆ ಹಾಕುವುದು, ಖಾಲಿ ಡಬ್ಬಿಗಳನ್ನು ನೀರು ಅಥವಾ ಎಣ್ಣೆಗೆ ಮರುಬಳಸುವುದು ಇನ್ನಿತರ ದಾರಿಗಳು. 2013ರ ಜುಲೈನಲ್ಲಿ ಬಿಹಾರದ ಸಾರಣ್ ಜಿಲ್ಲೆಯ ಶಾಲೆಯೊಂದರಲ್ಲಿ ಮೊನೊಕ್ರೊಟೊಫಾಸ್ ಬೆರೆತ ಬಿಸಿಯೂಟ ಸೇವಿಸಿ 23 ಮಕ್ಕಳು ಮೃತಪಟ್ಟರು. ಇಂತಹ ತೀವ್ರ ವಿಷಪ್ರಾಶನ ತಕ್ಷಣ ಗೋಚರಿಸುತ್ತದೆ. ಈ ಲೇಖನದಲ್ಲಿ ವಿವರಿಸಿರುವ ಮಾಪನ ವಿಧಾನಗಳು ಮುಖ್ಯವಾಗಿ ಅಲ್ಪ ಪ್ರಮಾಣದ, ದೀರ್ಘಕಾಲದ ಒಡ್ಡಿಕೆಗೆ ಸಂಬಂಧಿಸಿದವು.

ಗಾಳಿ ಮತ್ತು ನೀರಿನ ಮೂಲಕ: ಪಕ್ಕದ ತೋಟದಲ್ಲಿ ಸಿಂಪಡಿಸಿದ ಔಷಧಿಯ ಹನಿಗಳು ಗಾಳಿಯಲ್ಲಿ ತೇಲಿಬಂದು ಮನೆ, ತೆರೆದ ಬಾವಿ ಮತ್ತು ತೊರೆಗಳ ಮೇಲೆ ಬೀಳಬಹುದು. ಇಲ್ಲಿ ಮನೆಯವರು ಕೀಟನಾಶಕವನ್ನು ಕೊಂಡಿರುವುದಿಲ್ಲ, ಬಳಸಿರುವುದೂ ಇಲ್ಲ. ಆದುದರಿಂದ ಮನೆಬಳಕೆಯ ಬಗ್ಗೆ ಮಾತ್ರ ಕೇಳುವ ಪ್ರಶ್ನಾವಳಿಯಲ್ಲಿ ಈ ಒಡ್ಡಿಕೆ ದಾಖಲಾಗುವುದಿಲ್ಲ.

ಮಾಪನ ವಿಧಾನಗಳು

ಪ್ರಶ್ನಾವಳಿ

ಕಡಿಮೆ ಖರ್ಚಿನ ಮತ್ತು ಅತ್ಯಂತ ವ್ಯಾಪಕವಾಗಿ ಬಳಕೆಯಲ್ಲಿರುವ ವಿಧಾನವಿದು. ಗರ್ಭಾವಸ್ಥೆಯಲ್ಲಿ ಮತ್ತು ಮಗುವಿನ ಮೊದಲ ವರ್ಷಗಳಲ್ಲಿ ಯಾವ ಔಷಧಿಯನ್ನು, ಎಷ್ಟು ಬಾರಿ, ಯಾವ ಕೋಣೆಯಲ್ಲಿ ಬಳಸಲಾಯಿತು ಎಂದು ತಾಯಿಯನ್ನು ಕೇಳಲಾಗುತ್ತದೆ. ಹಿಂದಿನ ಕಾಲದ ಬಗ್ಗೆ ಮಾಹಿತಿ ನೀಡಬಲ್ಲ ಕೆಲವೇ ವಿಧಾನಗಳಲ್ಲಿ ಇದೂ ಒಂದು. ನೆನಪಿನ ಕೊರತೆ ಇದರ ಮುಖ್ಯ ಮಿತಿ.

ಪ್ರಶ್ನೆಗಳನ್ನು ಆಯಾ ಪ್ರದೇಶದ ಬದುಕಿಗೆ ತಕ್ಕಂತೆ ರೂಪಿಸಬೇಕಾಗುತ್ತದೆ. ಕೀಟನಾಶಕ ಎಂಬ ಪದಕ್ಕಿಂತ ಔಷಧಿ, ಎಣ್ಣೆ, ಪುಡಿ ಎಂಬ ಪದಗಳೇ ಹಳ್ಳಿಗಳಲ್ಲಿ ಹೆಚ್ಚು ಬಳಕೆಯಲ್ಲಿವೆ. ವಿಜಯನಗರ ಜಿಲ್ಲೆಯ ಇಟ್ಟಿಗಿ ಮತ್ತು ಸುತ್ತಲಿನ ಹೂವಿನಹಡಗಲಿ ಭಾಗವನ್ನು ಉದಾಹರಣೆಯಾಗಿ ತೆಗೆದುಕೊಂಡರೆ, ಅಲ್ಲಿ ಮೆಕ್ಕೆಜೋಳದಂತಹ ಹೊಲದ ಬೆಳೆಗಳ ಜೊತೆಗೆ ಭೌಗೋಳಿಕ ಸೂಚಕ ಮಾನ್ಯತೆ ಪಡೆದಿರುವ ಹಡಗಲಿ ಮಲ್ಲಿಗೆಯನ್ನೂ ಬೆಳೆಯಲಾಗುತ್ತದೆ. ಮಲ್ಲಿಗೆಯ ಮೊಗ್ಗನ್ನು ಕೈಯಿಂದಲೇ ಬಿಡಿಸಿ, ಮನೆಯಲ್ಲಿ ಕುಳಿತು ಕಟ್ಟುವ ರೂಢಿಯಿದೆ. ಆದ್ದರಿಂದ ಹೊಲಕ್ಕೆ ಯಾರು ಔಷಧಿ ಹೊಡೆಯುತ್ತಾರೆ ಎಂಬ ಪ್ರಶ್ನೆಯೊಂದೇ ಅಲ್ಲಿ ಸಾಲದು. ಸಿಂಪಡಣೆಯಾದ ಎಷ್ಟನೇ ದಿನ ಹೂ ಬಿಡಿಸುತ್ತಾರೆ, ಬಿಡಿಸುವವರಲ್ಲಿ ಗರ್ಭಿಣಿಯರು ಮತ್ತು ಮಕ್ಕಳಿದ್ದಾರೆಯೇ, ಹೂವಿನ ಬುಟ್ಟಿಯನ್ನು ಮನೆಯ ಯಾವ ಭಾಗದಲ್ಲಿ ಇಡುತ್ತಾರೆ ಎಂಬ ಪ್ರಶ್ನೆಗಳೂ ಬೇಕಾಗುತ್ತವೆ.

ಮನೆಯ ದಾಸ್ತಾನು ಪಟ್ಟಿ

ಸಂಶೋಧಕರು ಮನೆಗೆ ಭೇಟಿ ನೀಡಿ ಅಲ್ಲಿರುವ ಡಬ್ಬಿ, ಬಾಟಲಿ, ಪೊಟ್ಟಣಗಳನ್ನು ನೋಡಿ ಸಕ್ರಿಯ ರಾಸಾಯನಿಕದ ಹೆಸರನ್ನು ಬರೆದುಕೊಳ್ಳುತ್ತಾರೆ. ಭಾರತದಲ್ಲಿ 1968ರ ಕೀಟನಾಶಕ ಕಾಯಿದೆ ಮತ್ತು 1971ರ ನಿಯಮಗಳ ಪ್ರಕಾರ ಪ್ರತಿ ಡಬ್ಬಿಯ ಮೇಲೂ ವಿಷದ ತೀವ್ರತೆಯನ್ನು ಸೂಚಿಸುವ ಬಣ್ಣದ ಗುರುತು ಇರಬೇಕು. ಕೆಂಪು ಅತ್ಯಂತ ತೀವ್ರ ವಿಷವನ್ನೂ, ಅನಂತರ ಕ್ರಮವಾಗಿ ಹಳದಿ, ನೀಲಿ, ಹಸಿರು ಕಡಿಮೆ ತೀವ್ರತೆಯನ್ನೂ ಸೂಚಿಸುತ್ತವೆ. ಈ ಗುರುತು ಒಮ್ಮೆಲೇ ಸೇವಿಸಿದಾಗ ಆಗುವ ಅಪಾಯವನ್ನು ಆಧರಿಸಿದ್ದು, ದೀರ್ಘಕಾಲದ ಅಲ್ಪ ಒಡ್ಡಿಕೆಯ ಪರಿಣಾಮವನ್ನು ತಿಳಿಸುವುದಿಲ್ಲ. ಬಿಡಿಯಾಗಿ ಕೊಂಡ, ಹೆಸರಿಲ್ಲದ ಪುಡಿಗಳು ಈ ವಿಧಾನಕ್ಕೆ ಅಡ್ಡಿಯಾಗುತ್ತವೆ. ನಿಷೇಧದ ನಂತರವೂ ಮನೆಯಲ್ಲಿ ಹಳೆಯ ದಾಸ್ತಾನು ಉಳಿದಿರುವ ಸಾಧ್ಯತೆಯನ್ನು ಗಮನಿಸಬೇಕು. ಉದಾಹರಣೆಗೆ ಬಿಎಚ್‌ಸಿಯನ್ನು ಭಾರತದಲ್ಲಿ 1997ರಲ್ಲಿ ನಿಷೇಧಿಸಲಾಯಿತು. ಡೈಕ್ಲೋರ್ವಾಸ್ ಬಳಕೆಯನ್ನು 2020ರ ಅಂತ್ಯದೊಳಗೆ ನಿಲ್ಲಿಸಲು ಕೇಂದ್ರ ಸರ್ಕಾರ 2018ರಲ್ಲಿ ಆದೇಶಿಸಿತು.

ದೂಳು, ಗಾಳಿ ಮತ್ತು ಸ್ಪರ್ಶದ ಮಾದರಿಗಳು

ಹೊರಗಿನ ಮಣ್ಣಿನಲ್ಲಿ ಬಿಸಿಲು, ಮಳೆ ಮತ್ತು ಸೂಕ್ಷ್ಮಜೀವಿಗಳು ಕೀಟನಾಶಕವನ್ನು ಕ್ರಮೇಣ ವಿಭಜಿಸುತ್ತವೆ. ಮನೆಯೊಳಗೆ ಇವುಗಳ ಪ್ರಭಾವ ಕಡಿಮೆಯಿರುವುದರಿಂದ ದೂಳಿನಲ್ಲಿ ಕೀಟನಾಶಕ ತಿಂಗಳುಗಟ್ಟಲೆ ಉಳಿಯಬಹುದು. ಪಾಶ್ಚಾತ್ಯ ದೇಶಗಳಲ್ಲಿ ನೆಲಗಂಬಳಿಯ ದೂಳನ್ನು ವಿಶೇಷ ಯಂತ್ರದಿಂದ ಹೀರಿ ಪರೀಕ್ಷಿಸುತ್ತಾರೆ. ದಿನವೂ ಗುಡಿಸಿ ಒರೆಸುವ ಸಿಮೆಂಟ್ ಅಥವಾ ಕೆಂಪು ಗಾರೆಯ ನೆಲಕ್ಕೂ, ಸಗಣಿ ಸಾರಿಸುವ ಮಣ್ಣಿನ ನೆಲಕ್ಕೂ ಇದೇ ಕ್ರಮ ಹೊಂದುವುದಿಲ್ಲ. ಅಂತಹ ಮನೆಗಳಲ್ಲಿ ನಿಗದಿತ ಅಳತೆಯ ಜಾಗವನ್ನು ಒದ್ದೆ ಬಟ್ಟೆಯಿಂದ ಒರೆಸಿ ತೆಗೆದ ಮಾದರಿ, ಮೂಲೆ ಮತ್ತು ಅಟ್ಟದ ದೂಳು ಹೆಚ್ಚು ಉಪಯುಕ್ತ. ನೆಲವನ್ನು ಕೊನೆಯ ಬಾರಿ ಯಾವಾಗ ಸಾರಿಸಲಾಯಿತು ಎಂಬುದನ್ನೂ ದಾಖಲಿಸಬೇಕಾಗುತ್ತದೆ.

ಗಾಳಿಯ ಮಾದರಿಗಾಗಿ ಸಣ್ಣ ಪಂಪಿನ ಮೂಲಕ ಗಾಳಿಯನ್ನು ಹೀರುವ ಉಪಕರಣವನ್ನು ಕೋಣೆಯಲ್ಲಿ ಇಡುತ್ತಾರೆ ಅಥವಾ ವ್ಯಕ್ತಿಯ ಬೆನ್ನಿಗೆ ಕಟ್ಟುತ್ತಾರೆ. ಮಗುವಿನ ಅಂಗೈಯನ್ನು ಒರೆಸಿ ತೆಗೆದ ಮಾದರಿಯು ಕೈಯಿಂದ ಬಾಯಿಗೆ ಹೋಗಬಹುದಾದ ಪ್ರಮಾಣವನ್ನು ಸೂಚಿಸುತ್ತದೆ. 2014ರ ನಂತರ ಸಿಲಿಕೋನ್ ಕೈಪಟ್ಟಿಗಳ ಬಳಕೆ ಹೆಚ್ಚಿದೆ. ಕೆಲವು ದಿನ ಕೈಗೆ ಧರಿಸಿದ ಪಟ್ಟಿಯು ಗಾಳಿ ಮತ್ತು ಚರ್ಮದಲ್ಲಿರುವ ರಾಸಾಯನಿಕಗಳನ್ನು ಹೀರಿಕೊಳ್ಳುತ್ತದೆ. ಇದಕ್ಕೆ ವಿದ್ಯುತ್ ಬೇಕಿಲ್ಲ, ಸೂಜಿಯೂ ಬೇಕಿಲ್ಲ. ಆದರೆ ಆಹಾರದ ಮೂಲಕ ಬರುವ ಕೀಟನಾಶಕವನ್ನು ಇದು ಅಳೆಯುವುದಿಲ್ಲ.

ಜೈವಿಕ ಸೂಚಕಗಳು

ರಕ್ತ, ಮೂತ್ರ, ಹೊಕ್ಕುಳಬಳ್ಳಿಯ ರಕ್ತ, ಎದೆಹಾಲು, ಕೂದಲು ಮತ್ತು ನವಜಾತ ಶಿಶುವಿನ ಮೊದಲ ಮಲದಲ್ಲಿ ಕೀಟನಾಶಕವನ್ನು ಅಥವಾ ಅದು ವಿಭಜನೆಯಾದಾಗ ಉಂಟಾಗುವ ವಸ್ತುಗಳನ್ನು ಅಳೆಯಲಾಗುತ್ತದೆ. ಮಾದರಿಯ ಆಯ್ಕೆ ರಾಸಾಯನಿಕದ ಸ್ವಭಾವವನ್ನು ಅವಲಂಬಿಸಿದೆ.

ಡಿಡಿಟಿಯಂತಹ ಕೊಬ್ಬಿನಲ್ಲಿ ಕರಗುವ ಆರ್ಗನೋಕ್ಲೋರಿನ್‌ಗಳನ್ನು ರಕ್ತದಲ್ಲಿ ಅಳೆಯುತ್ತಾರೆ. ಹಲವು ವರ್ಷಗಳ ಒಡ್ಡಿಕೆಯನ್ನು ಒಂದೇ ಪರೀಕ್ಷೆ ತೋರಿಸಬಲ್ಲದು.

ಕ್ಲೋರ್‌ಪೈರಿಫಾಸ್, ಮಾಲಾಥಿಯಾನ್ ಮೊದಲಾದ ಆರ್ಗನೋಫಾಸ್ಫೇಟ್‌ಗಳ ಹೆಚ್ಚಿನ ಅಂಶ ಕೆಲವೇ ದಿನಗಳಲ್ಲಿ ಮೂತ್ರದ ಮೂಲಕ ಹೊರಹೋಗುತ್ತದೆ. ಇದಕ್ಕೆ ಸಾಮಾನ್ಯವಾಗಿ ಡೈಆಲ್ಕೈಲ್ ಫಾಸ್ಫೇಟ್ ಎಂಬ ಆರು ವಸ್ತುಗಳನ್ನು ಅಳೆಯುತ್ತಾರೆ. ಈ ವಸ್ತುಗಳು ಆಹಾರದಲ್ಲಿ ಮೊದಲೇ ರೂಪುಗೊಂಡಿರಬಹುದಾದ್ದರಿಂದ ಒಡ್ಡಿಕೆಯ ಅಂದಾಜು ಹೆಚ್ಚಾಗುವ ಸಾಧ್ಯತೆಯಿದೆ.

ಪೈರೆತ್ರಾಯ್ಡ್‌ಗಳಿಗೆ ಮೂತ್ರದಲ್ಲಿನ 3-ಫೀನಾಕ್ಸಿಬೆಂಜೋಯಿಕ್ ಆಮ್ಲವನ್ನು ಅಳೆಯುತ್ತಾರೆ. ಹಲವು ಪೈರೆತ್ರಾಯ್ಡ್‌ಗಳಿಂದ ಇದೇ ಆಮ್ಲ ಉಂಟಾಗುವುದರಿಂದ ಯಾವ ಉತ್ಪನ್ನ ಕಾರಣ ಎಂಬುದು ಇದರಿಂದ ತಿಳಿಯುವುದಿಲ್ಲ.

ಮಗು ಕುಡಿದ ನೀರಿನ ಪ್ರಮಾಣಕ್ಕೆ ಅನುಗುಣವಾಗಿ ಮೂತ್ರ ತೆಳುವಾಗುತ್ತದೆ. ಅದಕ್ಕಾಗಿ ಫಲಿತಾಂಶವನ್ನು ಕ್ರಿಯಾಟಿನಿನ್ ಪ್ರಮಾಣದೊಂದಿಗೆ ಹೊಂದಿಸಿ ಲೆಕ್ಕ ಹಾಕುತ್ತಾರೆ.

ದೂರ ಮತ್ತು ನಕ್ಷೆ

ಸಿಂಪಡಣೆಯಾದ ತೋಟದಿಂದ ಮನೆಗಿರುವ ದೂರ, ಗಾಳಿಯ ದಿಕ್ಕು, ನೀರಿನ ಹರಿವು ಇವುಗಳ ಆಧಾರದ ಮೇಲೆ ಒಡ್ಡಿಕೆಯನ್ನು ಅಂದಾಜಿಸಬಹುದು. ಇದಕ್ಕೆ ಎಲ್ಲಿ, ಯಾವಾಗ, ಯಾವ ಔಷಧಿಯನ್ನು, ಎಷ್ಟು ಸಿಂಪಡಿಸಲಾಯಿತು ಎಂಬ ದಾಖಲೆ ಅಗತ್ಯ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ 1990ರಿಂದ ಕೃಷಿ ಕೀಟನಾಶಕ ಬಳಕೆಯ ಪೂರ್ಣ ವರದಿ ಸಲ್ಲಿಸುವುದು ಕಡ್ಡಾಯವಾಗಿದ್ದು, ಅಲ್ಲಿನ ಅನೇಕ ಅಧ್ಯಯನಗಳು ಈ ದಾಖಲೆಯನ್ನು ಆಧರಿಸಿವೆ.

ದೋಷದ ಮೂಲಗಳು

ತಪ್ಪು ವರ್ಗೀಕರಣ: ಒಡ್ಡಿಕೆಯಾದ ಮಕ್ಕಳನ್ನು ಆಗಿಲ್ಲವೆಂದೂ, ಆಗದವರನ್ನು ಆಗಿದೆಯೆಂದೂ ಗುರುತಿಸುವುದು ಸಾಮಾನ್ಯ ದೋಷ. ಒಂದು ಕಾಲ್ಪನಿಕ ಲೆಕ್ಕದಿಂದ ಇದರ ಪರಿಣಾಮವನ್ನು ತಿಳಿಯಬಹುದು. ಒಡ್ಡಿಕೆಯಾದ 100 ಮಕ್ಕಳಲ್ಲಿ 20 ಮಂದಿಗೆ, ಒಡ್ಡಿಕೆಯಾಗದ 100 ಮಕ್ಕಳಲ್ಲಿ 10 ಮಂದಿಗೆ ಕಾಯಿಲೆ ಇದೆ ಎಂದುಕೊಂಡರೆ ಅಪಾಯ 2 ಪಟ್ಟು. ಅಳತೆಯ ದೋಷದಿಂದ ಪ್ರತಿ ಗುಂಪಿನ 30 ಮಕ್ಕಳು ಅದಲುಬದಲಾದರೆ ಮೊದಲ ಗುಂಪಿನಲ್ಲಿ 17, ಎರಡನೆಯ ಗುಂಪಿನಲ್ಲಿ 13 ಕಾಯಿಲೆಯ ಮಕ್ಕಳು ಕಾಣುತ್ತಾರೆ. ಆಗ ಅಪಾಯ ಸುಮಾರು 1.3 ಪಟ್ಟಿಗೆ ಇಳಿಯುತ್ತದೆ. ಕಾಯಿಲೆಯೊಂದಿಗೆ ಸಂಬಂಧವಿಲ್ಲದೆ ಎರಡೂ ಗುಂಪುಗಳಲ್ಲಿ ಸಮಾನವಾಗಿ ಆಗುವ ಇಂತಹ ದೋಷವು ಸಾಮಾನ್ಯವಾಗಿ ಇರುವ ಸಂಬಂಧವನ್ನು ಮಸುಕಾಗಿಸುತ್ತದೆ. ಹೀಗಾಗಿ ಒರಟು ಅಳತೆಯ ಅಧ್ಯಯನದಲ್ಲಿ ಪರಿಣಾಮ ಕಂಡುಬರದಿದ್ದರೆ ಅದು ಪರಿಣಾಮವೇ ಇಲ್ಲ ಎಂಬುದಕ್ಕೆ ಪುರಾವೆಯಾಗುವುದಿಲ್ಲ.

ಸ್ಮರಣೆಯ ಪಕ್ಷಪಾತ: ಕಾಯಿಲೆಯ ಮಗುವಿನ ತಂದೆತಾಯಿ ಹಿಂದಿನ ಘಟನೆಗಳನ್ನು ಹೆಚ್ಚು ಶ್ರಮಪಟ್ಟು ನೆನಪಿಸಿಕೊಳ್ಳುತ್ತಾರೆ. ಇದರಿಂದ ಇಲ್ಲದ ಸಂಬಂಧ ಕಾಣಿಸಬಹುದು ಅಥವಾ ಇರುವ ಸಂಬಂಧ ದೊಡ್ಡದಾಗಿ ತೋರಬಹುದು. 2015ರಲ್ಲಿ ಪ್ರಕಟವಾದ, 16 ಅಧ್ಯಯನಗಳ ಸಂಯೋಜಿತ ವಿಶ್ಲೇಷಣೆಯೊಂದರಲ್ಲಿ ಮನೆಯೊಳಗೆ ಕೀಟನಾಶಕಕ್ಕೆ ಒಡ್ಡಿಕೊಂಡ ಮಕ್ಕಳಲ್ಲಿ ರಕ್ತದ ಕ್ಯಾನ್ಸರ್‌ನ ಸಂಭಾವ್ಯತೆಯ ಅನುಪಾತ 1.47 ಎಂದು ಕಂಡುಬಂದಿತು. ಅದರಲ್ಲಿ ಸೇರಿದ್ದ ಅಧ್ಯಯನಗಳು ಬಹುಮಟ್ಟಿಗೆ ತಂದೆತಾಯಿಯರ ನೆನಪನ್ನು ಆಧರಿಸಿದ್ದುದರಿಂದ ಈ ಅಂಕಿಯನ್ನು ಎಚ್ಚರಿಕೆಯಿಂದ ಅರ್ಥೈಸಲಾಗುತ್ತದೆ.

ಮಾದರಿಯ ಸಮಯ: ಒಂದು ಬಾರಿ ತೆಗೆದ ಮೂತ್ರದ ಮಾದರಿ ಕಳೆದ ಒಂದೆರಡು ದಿನಗಳ ಚಿತ್ರವನ್ನಷ್ಟೇ ನೀಡುತ್ತದೆ. ಅಮೆರಿಕದ ಸಿಯಾಟಲ್ ಪ್ರದೇಶದ 23 ಮಕ್ಕಳ ಮೇಲೆ ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಕ್ಕಳಿಗೆ ಕೆಲವು ದಿನ ಸಾವಯವ ಆಹಾರ ನೀಡಿದಾಗ ಮಾಲಾಥಿಯಾನ್ ಮತ್ತು ಕ್ಲೋರ್‌ಪೈರಿಫಾಸ್ ಸೂಚಕಗಳು ಮೂತ್ರದಲ್ಲಿ ಬೇಗನೆ ಕುಸಿದು, ಹಳೆಯ ಆಹಾರಕ್ಕೆ ಮರಳಿದೊಡನೆ ಮತ್ತೆ ಏರಿದವು.

ಪತ್ತೆಯ ಮಿತಿ: ಪ್ರಯೋಗಾಲಯದ ವರದಿಯಲ್ಲಿ ‘ಪತ್ತೆಯಾಗಿಲ್ಲ’ ಎಂದಿದ್ದರೆ ಆ ಉಪಕರಣ ಗುರುತಿಸಬಲ್ಲ ಕನಿಷ್ಠ ಪ್ರಮಾಣಕ್ಕಿಂತ ಕಡಿಮೆ ಇದೆ ಎಂದರ್ಥ. ಆ ಕನಿಷ್ಠ ಪ್ರಮಾಣವನ್ನು ನಮೂದಿಸದ ವರದಿಗಳನ್ನು ಒಂದಕ್ಕೊಂದು ಹೋಲಿಸಲು ಬರುವುದಿಲ್ಲ.

ಜನನಪೂರ್ವ ಒಡ್ಡಿಕೆಯ ಅಧ್ಯಯನಗಳು

ಗರ್ಭಿಣಿಯರನ್ನು ನೋಂದಾಯಿಸಿಕೊಂಡು, ಕಾಯಿಲೆ ಕಾಣಿಸುವ ಮೊದಲೇ ಮಾದರಿ ಸಂಗ್ರಹಿಸಿ, ಹುಟ್ಟಿದ ಮಕ್ಕಳನ್ನು ವರ್ಷಗಳ ಕಾಲ ಅನುಸರಿಸುವ ಅಧ್ಯಯನಗಳಲ್ಲಿ ಸ್ಮರಣೆ ಮತ್ತು ಸಮಯದ ದೋಷಗಳು ಕಡಿಮೆ. ಕ್ಯಾಲಿಫೋರ್ನಿಯಾದ ಸಲಿನಾಸ್ ಕಣಿವೆಯಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದ ಬ್ರೆಂಡಾ ಎಸ್ಕೆನಾಜಿ ನೇತೃತ್ವದ ‘ಚಾಮಕೋಸ್’ ಅಧ್ಯಯನವು 1999–2000ರಲ್ಲಿ 601 ಗರ್ಭಿಣಿಯರನ್ನು ಸೇರಿಸಿಕೊಂಡಿತು. ಇವರಲ್ಲಿ ಹೆಚ್ಚಿನವರು ಕೃಷಿ ಕಾರ್ಮಿಕರ ಕುಟುಂಬಗಳಿಗೆ ಸೇರಿದವರು. ಗರ್ಭಾವಸ್ಥೆಯಲ್ಲಿ ಮೂತ್ರದಲ್ಲಿನ ಆರ್ಗನೋಫಾಸ್ಫೇಟ್ ಸೂಚಕ ಅತಿ ಹೆಚ್ಚಿದ್ದ ಐದನೇ ಒಂದು ಭಾಗದ ತಾಯಂದಿರ ಮಕ್ಕಳ ಬುದ್ಧಿಸೂಚ್ಯಂಕವು, ಅತಿ ಕಡಿಮೆಯಿದ್ದ ಐದನೇ ಒಂದು ಭಾಗದವರ ಮಕ್ಕಳಿಗಿಂತ ಏಳನೆಯ ವಯಸ್ಸಿನಲ್ಲಿ ಸರಾಸರಿ 7 ಅಂಕ ಕಡಿಮೆಯಿತ್ತು ಎಂದು 2011ರಲ್ಲಿ ವರದಿಯಾಯಿತು.

ನ್ಯೂಯಾರ್ಕ್ ನಗರದಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯ ನಡೆಸಿದ ಅಧ್ಯಯನದಲ್ಲಿ ಗರ್ಭಿಣಿಯರು ಗಾಳಿಯ ಮಾದರಿ ಸಂಗ್ರಹಿಸುವ ಚೀಲವನ್ನು 48 ಗಂಟೆಗಳ ಕಾಲ ಹೊತ್ತಿದ್ದರು. ಹೆರಿಗೆಯ ವೇಳೆ ಹೊಕ್ಕುಳಬಳ್ಳಿಯ ರಕ್ತದಲ್ಲಿ ಕ್ಲೋರ್‌ಪೈರಿಫಾಸ್ ಅಳೆಯಲಾಯಿತು. ಅಮೆರಿಕದಲ್ಲಿ 2000–2001ರಲ್ಲಿ ಈ ರಾಸಾಯನಿಕದ ಮನೆಬಳಕೆಯನ್ನು ಹಿಂತೆಗೆದುಕೊಂಡ ನಂತರ ಹುಟ್ಟಿದ ಮಕ್ಕಳ ರಕ್ತದಲ್ಲಿ ಅದರ ಪ್ರಮಾಣ ಗಣನೀಯವಾಗಿ ಇಳಿಯಿತು.

ಕಾಸರಗೋಡಿನ ಎಂಡೋಸಲ್ಫಾನ್ ಪ್ರಕರಣ

ಹಿನ್ನೆಲೆ

ಕೇರಳ ಪ್ಲಾಂಟೇಶನ್ ಕಾರ್ಪೊರೇಷನ್ ಕಾಸರಗೋಡು ಜಿಲ್ಲೆಯ ಗೇರು ತೋಟಗಳಿಗೆ 1970ರ ದಶಕದ ಕೊನೆಯಿಂದ 2000ರವರೆಗೆ ಹೆಲಿಕಾಪ್ಟರ್ ಮೂಲಕ ಎಂಡೋಸಲ್ಫಾನ್ ಸಿಂಪಡಿಸಿತು. ಗೇರಿನ ಚಿಗುರು ಮತ್ತು ಹೂವನ್ನು ಹಾಳುಮಾಡುವ ಟೀ ಸೊಳ್ಳೆಯ ನಿಯಂತ್ರಣ ಇದರ ಉದ್ದೇಶವಾಗಿತ್ತು. ತೋಟಗಳು ಗುಡ್ಡಗಳ ಮೇಲೂ, ಮನೆಗಳು ಅವುಗಳ ಬುಡದ ಕಣಿವೆಗಳಲ್ಲೂ ಇವೆ. ಗಡಿಭಾಗದ ಎಣ್ಮಕಜೆ ಪಂಚಾಯತಿಯ ಪಡ್ರೆ ಗ್ರಾಮದಲ್ಲಿ ಜನರು ಕುಡಿಯುವ ನೀರಿಗೆ ತೊರೆ, ಬಾವಿ ಮತ್ತು ಗುಡ್ಡದೊಳಕ್ಕೆ ಅಡ್ಡಲಾಗಿ ಕೊರೆದ ಸುರಂಗಗಳನ್ನು ಅವಲಂಬಿಸಿದ್ದರು.

ಹಸುಗಳಿಗೆ ವಿಕಲಾಂಗ ಕರುಗಳು ಹುಟ್ಟುತ್ತಿದ್ದುದನ್ನು ರೈತರು 1970ರ ದಶಕದ ಕೊನೆಯಲ್ಲಿ ಗಮನಿಸಿದರು. ಈ ಬಗ್ಗೆ ಅದೇ ಊರಿನ ಪತ್ರಕರ್ತ ಶ್ರೀ ಪಡ್ರೆ ಬರೆದರು. ವಾಣೀನಗರದಲ್ಲಿ ವೈದ್ಯರಾಗಿದ್ದ ಡಾ. ವೈ. ಎಸ್. ಮೋಹನ ಕುಮಾರ್ 1980ರ ದಶಕದಿಂದ ಅಲ್ಲಿನ ರೋಗಿಗಳಲ್ಲಿ ನರಸಂಬಂಧಿ ಕಾಯಿಲೆ, ಬುದ್ಧಿಮಾಂದ್ಯ ಮತ್ತು ಕ್ಯಾನ್ಸರ್ ಅಸಾಮಾನ್ಯ ಪ್ರಮಾಣದಲ್ಲಿವೆ ಎಂದು ಗುರುತಿಸಿದರು. ಕೃಷಿ ಇಲಾಖೆಯ ಅಧಿಕಾರಿಯಾಗಿದ್ದ ಲೀಲಾಕುಮಾರಿ ಅಮ್ಮ 1998ರಲ್ಲಿ ಹೊಸದುರ್ಗದ ನ್ಯಾಯಾಲಯದಲ್ಲಿ ಮೊಕದ್ದಮೆ ಹೂಡಿ ಸಿಂಪಡಣೆಗೆ ತಡೆಯಾಜ್ಞೆ ಪಡೆದರು. ಸಿಂಪಡಣೆ ನಡೆಯುತ್ತಿದ್ದ ಎರಡು ದಶಕಗಳಲ್ಲಿ ಗರ್ಭಿಣಿಯರನ್ನು ನೋಂದಾಯಿಸಿಕೊಂಡು ಅವರ ಹಾಗೂ ಮಕ್ಕಳ ಮಾದರಿಗಳನ್ನು ಸಂಗ್ರಹಿಸುವ ಅಧ್ಯಯನ ನಡೆಯಲಿಲ್ಲ. ಮಾಪನದ ಪ್ರಯತ್ನಗಳು ಆರಂಭವಾದದ್ದು ಸಿಂಪಡಣೆ ಕೊನೆಗೊಳ್ಳುವ ಹೊತ್ತಿಗೆ.

2001ರ ಪರೀಕ್ಷೆಗಳು

ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ಪಡ್ರೆಯ ರಕ್ತ, ಹಾಲು, ನೀರು, ಮಣ್ಣು ಮತ್ತು ಆಹಾರ ಪದಾರ್ಥಗಳ ಮಾದರಿಗಳನ್ನು ಪರೀಕ್ಷಿಸಿ ಎಂಡೋಸಲ್ಫಾನ್ ಹೆಚ್ಚಿನ ಪ್ರಮಾಣದಲ್ಲಿದೆ ಎಂದು 2001ರಲ್ಲಿ ವರದಿ ನೀಡಿತು. ಪ್ಲಾಂಟೇಶನ್ ಕಾರ್ಪೊರೇಷನ್ ನೇಮಿಸಿದ ಫ್ರೆಡ್ರಿಕ್ ಸಸ್ಯಸಂರಕ್ಷಣೆ ಮತ್ತು ವಿಷವಿಜ್ಞಾನ ಸಂಸ್ಥೆಯ ವರದಿ ಇದಕ್ಕೆ ವಿರುದ್ಧವಾದ ತೀರ್ಮಾನಕ್ಕೆ ಬಂದಿತು. ಮಾದರಿಗಳ ಆಯ್ಕೆ ಮತ್ತು ಪ್ರಯೋಗಾಲಯದ ವಿಧಾನಗಳ ಕುರಿತು ಎರಡೂ ಕಡೆಯವರು ಪರಸ್ಪರ ಆಕ್ಷೇಪಿಸಿದರು.

ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಅಧ್ಯಯನ

ಪತ್ರಿಕಾ ವರದಿಗಳ ಆಧಾರದ ಮೇಲೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯನ್ನು ಸಂಪರ್ಕಿಸಿತು. ಮಂಡಳಿಯ ಅಧೀನದ, ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ 2001ರಲ್ಲಿ ಕ್ಷೇತ್ರಕಾರ್ಯ ನಡೆಸಿತು. ಗಂಡುಮಕ್ಕಳಿಗೆ ಸಂಬಂಧಿಸಿದ ಭಾಗವು 2003ರಲ್ಲಿ ಅಂತರರಾಷ್ಟ್ರೀಯ ವಿಜ್ಞಾನ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು.

ಈ ಅಧ್ಯಯನದಲ್ಲಿ ಸಿಂಪಡಣೆಯಾದ ತೋಟದ ಬುಡದ ಹಳ್ಳಿಯ 10ರಿಂದ 19 ವರ್ಷದ 117 ಶಾಲಾ ಬಾಲಕರನ್ನು, ಸಿಂಪಡಣೆಯ ಇತಿಹಾಸವಿಲ್ಲದ ಪ್ರದೇಶದ 90 ಬಾಲಕರೊಂದಿಗೆ ಹೋಲಿಸಲಾಯಿತು. ರಕ್ತಸಾರದಲ್ಲಿನ ಎಂಡೋಸಲ್ಫಾನ್ ಪ್ರಮಾಣ ಮೊದಲ ಗುಂಪಿನಲ್ಲಿ ಸರಾಸರಿ ಶತಕೋಟಿಗೆ 7.47 ಭಾಗ, ಎರಡನೆಯ ಗುಂಪಿನಲ್ಲಿ 1.37 ಭಾಗ ಇತ್ತು. ಸಿಂಪಡಣೆಯಾದ ಹಳ್ಳಿಯ ಬಾಲಕರಲ್ಲಿ ಪ್ರೌಢಾವಸ್ಥೆಯ ಲಕ್ಷಣಗಳು ವಯಸ್ಸಿಗೆ ಹೋಲಿಸಿದರೆ ತಡವಾಗಿದ್ದು, ಟೆಸ್ಟೊಸ್ಟೆರೋನ್ ಪ್ರಮಾಣವೂ ಕಡಿಮೆಯಿತ್ತು. ಎಂಡೋಸಲ್ಫಾನ್ ಒಡ್ಡಿಕೆಯು ಬಾಲಕರ ಲೈಂಗಿಕ ಬೆಳವಣಿಗೆಯನ್ನು ತಡಮಾಡಬಹುದು ಎಂದು ಲೇಖಕರು ಹೇಳಿದರು. ಮಾದರಿ ಚಿಕ್ಕದು ಮತ್ತು ಕೆಲವರು ಭಾಗವಹಿಸಲಿಲ್ಲ ಎಂಬ ಮಿತಿಗಳನ್ನೂ ಅವರೇ ನಮೂದಿಸಿದರು.

ಮಾಪನದ ದೃಷ್ಟಿಯಿಂದ ಈ ಅಧ್ಯಯನದಲ್ಲಿ ಎರಡು ಅಂಶಗಳು ಗಮನಾರ್ಹ. ಮೊದಲನೆಯದಾಗಿ, ಊರನ್ನು ಆಧರಿಸಿದ ವರ್ಗೀಕರಣ ಮತ್ತು ರಕ್ತದ ಪರೀಕ್ಷೆ ಎಂಬ ಎರಡು ಸ್ವತಂತ್ರ ಅಳತೆಗಳು ಒಂದೇ ದಿಕ್ಕನ್ನು ತೋರಿಸಿದವು. ಎರಡನೆಯದಾಗಿ, ವೈಮಾನಿಕ ಸಿಂಪಡಣೆ ನಿಂತ ತಿಂಗಳುಗಳ ನಂತರ ರಕ್ತದ ಮಾದರಿ ಸಂಗ್ರಹಿಸಲಾಗಿತ್ತು. ಎಂಡೋಸಲ್ಫಾನ್ ಡಿಡಿಟಿಯಂತೆ ದೇಹದಲ್ಲಿ ದೀರ್ಘಕಾಲ ಉಳಿಯುವುದಿಲ್ಲ. ಆದ್ದರಿಂದ ಮಕ್ಕಳ ರಕ್ತದಲ್ಲಿ ಆಗ ಕಂಡ ಪ್ರಮಾಣವು ಪರಿಸರದಲ್ಲಿ ಉಳಿದುಕೊಂಡಿದ್ದ ಅಂಶದಿಂದ ಒಡ್ಡಿಕೆ ಮುಂದುವರಿದಿತ್ತು ಎಂಬುದರ ಕಡೆಗೆ ಬೆರಳು ತೋರಿಸುತ್ತದೆ. ಸಿಂಪಡಣೆಯ ದಿನಗಳಲ್ಲಿ, ವಿಶೇಷವಾಗಿ ಗರ್ಭದಲ್ಲಿದ್ದಾಗ, ಆ ಮಕ್ಕಳಿಗೆ ಆಗಿದ್ದ ಒಡ್ಡಿಕೆ ಎಷ್ಟು ಎಂಬುದನ್ನು ಈ ಅಂಕಿಗಳಿಂದ ಲೆಕ್ಕ ಹಾಕಲಾಗುವುದಿಲ್ಲ.

ನಿಷೇಧ ಮತ್ತು ಪರಿಹಾರ

2011ರ ಏಪ್ರಿಲ್‌ನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ಸದಸ್ಯ ರಾಷ್ಟ್ರಗಳು ಎಂಡೋಸಲ್ಫಾನನ್ನು ಕೆಲವು ವಿನಾಯಿತಿಗಳೊಂದಿಗೆ ನಿರ್ಮೂಲನೆಯ ಪಟ್ಟಿಗೆ ಸೇರಿಸಿದವು. 2011ರ ಮೇ 13ರಂದು ಸುಪ್ರೀಂ ಕೋರ್ಟ್ ಭಾರತದಲ್ಲಿ ಅದರ ಉತ್ಪಾದನೆ, ಮಾರಾಟ ಮತ್ತು ಬಳಕೆಯನ್ನು ತಡೆಹಿಡಿಯಿತು. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರ ನೀಡುವಂತೆ 2017ರ ಜನವರಿ 10ರಂದು ಕೇರಳ ಸರ್ಕಾರಕ್ಕೆ ಆದೇಶಿಸಿತು. ಕೇರಳದ ಸಂತ್ರಸ್ತರ ಪಟ್ಟಿಯಲ್ಲಿ 6 ಸಾವಿರಕ್ಕೂ ಹೆಚ್ಚು ಜನರಿದ್ದಾರೆ.

ಕರ್ನಾಟಕದಲ್ಲಿ ದಕ್ಷಿಣ ಕನ್ನಡ ಜಿಲ್ಲೆಯ ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆ ಗ್ರಾಮಗಳ ಸುತ್ತಲಿನ ಸರ್ಕಾರಿ ಗೇರು ತೋಟಗಳಿಗೂ ಎಂಡೋಸಲ್ಫಾನ್ ಸಿಂಪಡಿಸಲಾಗಿತ್ತು. ರಾಜ್ಯ ಸರ್ಕಾರವು 2011ರಲ್ಲಿ ಅದರ ಬಳಕೆಯನ್ನು ನಿಲ್ಲಿಸಿತು. ಸಂತ್ರಸ್ತರಿಗೆ ಮಾಸಾಶನ ನೀಡಲಾಗುತ್ತಿದ್ದು, ಕೊಕ್ಕಡದಲ್ಲಿ ಪಾಲನಾ ಕೇಂದ್ರವನ್ನು ತೆರೆಯಲಾಯಿತು.

ಒಡ್ಡಿಕೆಯ ವೈಯಕ್ತಿಕ ದಾಖಲೆ ಇಲ್ಲದಿರುವುದರಿಂದ ಸಂತ್ರಸ್ತರನ್ನು ಗುರುತಿಸುವಲ್ಲಿ ವಾಸಸ್ಥಳ ಮತ್ತು ವೈದ್ಯಕೀಯ ಶಿಬಿರದಲ್ಲಿನ ತಪಾಸಣೆ ನಿರ್ಣಾಯಕವಾದವು. ಹುಟ್ಟಿನಿಂದ ವಿಕಲಾಂಗವಾದ ಮಗುವಿನ ಸ್ಥಿತಿಗೆ ಕೀಟನಾಶಕವೇ ಕಾರಣ ಎಂದು ಈ ಎರಡರಿಂದ ಸಿದ್ಧಪಡಿಸುವುದು ಕಷ್ಟ. ಕಾರಣವಲ್ಲ ಎಂದು ಸಿದ್ಧಪಡಿಸುವುದೂ ಅಷ್ಟೇ ಕಷ್ಟ. ಪಟ್ಟಿಗೆ ಯಾರು ಸೇರಬೇಕೆಂಬ ವಿವಾದ ದೀರ್ಘಕಾಲ ಮುಂದುವರಿಯಲು ಇದು ಒಂದು ಕಾರಣ.

ಹೋಲಿಕೆ: ಹಂದಿಗೋಡು ಕಾಯಿಲೆ

ಕಾಯಿಲೆ ಮತ್ತು ಕೀಟನಾಶಕ ಒಂದೇ ಊರಿನಲ್ಲಿ ಇದ್ದ ಮಾತ್ರಕ್ಕೆ ಕಾರಣ ಸಿದ್ಧವಾಗುವುದಿಲ್ಲ ಎಂಬುದಕ್ಕೆ ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡು ಕಾಯಿಲೆ ನಿದರ್ಶನ. 1970ರ ದಶಕದ ಮಧ್ಯಭಾಗದಲ್ಲಿ ಬೆಳಕಿಗೆ ಬಂದ ಈ ಕಾಯಿಲೆಯಲ್ಲಿ ಸೊಂಟ ಮತ್ತು ಮಂಡಿಯ ಕೀಲುಗಳು ವಿರೂಪಗೊಂಡು ನಡೆಯಲು ಕಷ್ಟವಾಗುತ್ತದೆ. ಗದ್ದೆಗೆ ಸಿಂಪಡಿಸಿದ ಕೀಟನಾಶಕವು ಅಲ್ಲಿನ ಏಡಿಗಳನ್ನು ಸೇರಿ, ಅವುಗಳನ್ನು ತಿಂದವರಿಗೆ ಕಾಯಿಲೆ ಬಂದಿತು ಎಂಬ ವಿವರಣೆ ಆರಂಭದಲ್ಲಿ ಪ್ರಚಲಿತವಾಯಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಮತ್ತು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನಗಳಲ್ಲಿ ಕುಟುಂಬಗಳ ವಂಶಾವಳಿಯನ್ನು ಪರಿಶೀಲಿಸಿದಾಗ ಇದು ತಲೆಮಾರಿನಿಂದ ತಲೆಮಾರಿಗೆ ಬರುವ ಆನುವಂಶಿಕ ಮೂಳೆರೋಗ ಎಂಬ ಅಭಿಪ್ರಾಯ ಬಲವಾಯಿತು. ರಕ್ತಸಂಬಂಧ, ಪೋಷಣೆ, ಸೋಂಕು ಮೊದಲಾದ ಇತರ ಕಾರಣಗಳನ್ನು ಒಡ್ಡಿಕೆಯ ಜೊತೆಯಲ್ಲೇ ದಾಖಲಿಸುವುದು ಇದರಿಂದಾಗಿ ಅಗತ್ಯವಾಗುತ್ತದೆ.

ನೈತಿಕ ಅಂಶಗಳು

ಅಪಾಯವಿರಬಹುದೆಂದು ತಿಳಿದೂ ಮಗುವಿನ ಒಡ್ಡಿಕೆಯನ್ನು ತಡೆಯದೆ ಅಳೆಯುತ್ತ ಕುಳಿತುಕೊಳ್ಳುವುದು ಸರಿಯೇ ಎಂಬುದು ಇಂತಹ ಅಧ್ಯಯನಗಳ ಮೂಲಭೂತ ಪ್ರಶ್ನೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2004ರಲ್ಲಿ ಫ್ಲಾರಿಡಾದ 60 ಪುಟ್ಟ ಮಕ್ಕಳ ಮನೆಗಳಲ್ಲಿನ ಕೀಟನಾಶಕ ಒಡ್ಡಿಕೆಯನ್ನು ಎರಡು ವರ್ಷ ಅಳೆಯುವ ಯೋಜನೆಯನ್ನು ಪ್ರಕಟಿಸಿತು. ಭಾಗವಹಿಸುವ ಕುಟುಂಬಗಳಿಗೆ 970 ಡಾಲರ್ ನೀಡುವ ಪ್ರಸ್ತಾಪವಿತ್ತು. ರಾಸಾಯನಿಕ ಉದ್ಯಮದ ಸಂಘಟನೆಯೊಂದು ವೆಚ್ಚದ ಒಂದು ಭಾಗವನ್ನು ಭರಿಸಲಿತ್ತು. ಹಣದ ಆಸೆಯಿಂದ ಬಡ ಕುಟುಂಬಗಳು ಕೀಟನಾಶಕದ ಬಳಕೆಯನ್ನು ಮುಂದುವರಿಸಬಹುದು ಎಂಬ ಟೀಕೆ ವ್ಯಕ್ತವಾಗಿ, 2005ರ ಏಪ್ರಿಲ್‌ನಲ್ಲಿ ಯೋಜನೆಯನ್ನು ರದ್ದುಪಡಿಸಲಾಯಿತು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯ ಪ್ರಕಾರ ಮಕ್ಕಳ ಮೇಲಿನ ಸಂಶೋಧನೆಗೆ ತಂದೆತಾಯಿ ಅಥವಾ ಪೋಷಕರ ಒಪ್ಪಿಗೆಯ ಜೊತೆಗೆ 7 ವರ್ಷ ಮೇಲ್ಪಟ್ಟ ಮಕ್ಕಳ ಸಮ್ಮತಿಯನ್ನೂ ಪಡೆಯಬೇಕು. ಪರೀಕ್ಷೆಯ ಫಲಿತಾಂಶವನ್ನು ಕುಟುಂಬಕ್ಕೆ ತಿಳಿಯುವ ಭಾಷೆಯಲ್ಲಿ ತಿಳಿಸುವುದು, ತೀವ್ರ ಅಪಾಯದ ವಸ್ತು ಮನೆಯಲ್ಲಿ ಕಂಡುಬಂದರೆ ಅಧ್ಯಯನ ಮುಗಿಯುವವರೆಗೆ ಕಾಯದೆ ಎಚ್ಚರಿಸುವುದು ಮತ್ತು ಫಲಿತಾಂಶದಿಂದ ಊರಿಗೆ ಅಥವಾ ಕುಟುಂಬಕ್ಕೆ ಕಳಂಕ ತಟ್ಟದಂತೆ ಹೆಸರುಗಳನ್ನು ಗೋಪ್ಯವಾಗಿಡುವುದು ಉತ್ತಮ ಕ್ರಮಗಳೆಂದು ಪರಿಗಣಿತವಾಗಿವೆ.

ಇವನ್ನೂ ನೋಡಿ

ಎಂಡೋಸಲ್ಫಾನ್
ಕೀಟನಾಶಕ
ಡಿಡಿಟಿ
ಸ್ಟಾಕ್‌ಹೋಮ್ ಒಪ್ಪಂದ
ಹಂದಿಗೋಡು ಕಾಯಿಲೆ
ಕಾಸರಗೋಡು ಜಿಲ್ಲೆ
ಹಡಗಲಿ ಮಲ್ಲಿಗೆ